ಕಿಟ್ಟು ಬಂತು, ಪುರುಸೊತ್ತು ಬರಲಿಲ್ಲ

ನಲಿ–ಕಲಿ ಹುಟ್ಟಿದ್ದು ಹೆಗ್ಗಡದೇವನಕೋಟೆಯಲ್ಲಿ. ಇದು ನಮ್ಮ ಕಡೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ಬಿಳಿಕೆರೆಯಿಂದ ಹುಣಸೂರಿಗೆ ಹೋಗಿ ಎಡಕ್ಕೆ ಹೊರಳಿದರೆ ಸಿಗುವ ಈ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು 1995ರ ಹೊತ್ತಿಗೆ ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಸುತ್ತಮುತ್ತಲ ಹಳ್ಳಿಗಳ ಚಿಕ್ಕ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಾರ್ಡು ಹಿಡಿದು, ತಂತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿದರು. ವಾಪಸು ಬಂದು ಕೂತು ಚರ್ಚಿಸಿದರು. ಕೋಟೆಯ ಮಕ್ಕಳಿಗೆ ಹೊಂದುವ ಹಾಗೆ ತಾವೇ ಕನ್ನಡದಲ್ಲಿ ಕಾರ್ಡು ಬರೆದರು, ತರಗತಿಯಲ್ಲಿ ಬಳಸಿ ನೋಡಿದರು, ತಿದ್ದಿದರು.

ಅವರಿಗೆ ಎದುರಾಗಿದ್ದ ಸಮಸ್ಯೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಕೋಟೆಯ ಕೂಲಿ ಕುಟುಂಬದ ಮಕ್ಕಳು ಕೊಡಗಿನ ತೋಟದ ಕೆಲಸದ ಕಾಲದಲ್ಲಿ ಅಪ್ಪ ಅಮ್ಮನ ಹಿಂದೆ ಹೊರಟುಬಿಡುತ್ತಾರೆ. ತಿಂಗಳ ಮೇಲೆ ವಾಪಸು ಬಂದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಮಗು ಹಿಂದಿನ ಸಾಲಿಗೆ ಸರಿದು, ಆಮೇಲೆ ಶಾಲೆಯಿಂದಲೇ ಸರಿದುಹೋಗುತ್ತದೆ. ಕಲಿಕಾ ಏಣಿ ಇದಕ್ಕೆ ಉತ್ತರ. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ, ಬಂದಾಗ ಅದೇ ಮೆಟ್ಟಿಲಿಂದ ಹತ್ತುತ್ತದೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸುವ ತಿಂಗಳುಗಳಲ್ಲಿ ಹಾಜರಿ ಪುಸ್ತಕ ನೋಡಿದವರಿಗೆ ಈ ಉತ್ತರದ ಬೆಲೆ ಗೊತ್ತು.

ಅಕ್ಷರದ ವಿಷಯವೂ ಹಾಗೆಯೇ. ನಲಿ–ಕಲಿಯಲ್ಲಿ ಕನ್ನಡ ‘ಅ ಆ ಇ ಈ’ ಎಂದು ಶುರುವಾಗುವುದಿಲ್ಲ, ‘ರ ಗ ಸ ದ ಅ’ ಎಂದು ಶುರುವಾಗುತ್ತದೆ. ಐದು ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಓದಿಬಿಡುತ್ತದೆ. ವರ್ಣಮಾಲೆ ಪೂರ್ತಿ ಮುಗಿಯುವವರೆಗೆ ಕಾಯಬೇಕಿಲ್ಲ. ಮಕ್ಕಳ ಪಕ್ಕದಲ್ಲಿ ಬಹಳ ದಿನ ಕೂತವರಿಗೆ ಹೊಳೆಯುವ ವಿಚಾರ ಇದು.

ಇಷ್ಟನ್ನು ಹೇಳಲು ಕಾರಣವಿದೆ. ಸರ್ಕಾರಿ ಶಾಲೆಗೆ ಹೊರಗಿನಿಂದ ಬಂದ ಅನುದಾನವೊಂದು ನಿಜಕ್ಕೂ ಏನಾದರೂ ಮಾಡಿದ ಉದಾಹರಣೆ ನಮ್ಮ ಮನೆಬಾಗಿಲಲ್ಲೇ ಇದೆ. ಆ ಹಣ ಮುಖ್ಯವಾಗಿ ಕೊಂಡದ್ದು ಸಾಮಾನನ್ನಲ್ಲ. ಶಿಕ್ಷಕರ ಪುರುಸೊತ್ತನ್ನು, ಜೊತೆಗೆ ‘ನೀವೇ ಮಾಡಿ ನೋಡಿ’ ಎಂಬ ಅಧಿಕಾರವನ್ನು. ಇವತ್ತು ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಬರುತ್ತಿರುವ ಸರ್ಕಾರಿ ಅನುದಾನವಾಗಲಿ, ಕಂಪನಿ ದಾನವಾಗಲಿ, ಈ ಎರಡನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೊಳ್ಳುತ್ತಿದೆ. ನನ್ನ ತಕರಾರು ಅದು.

ಮೊದಲು ಕಂಪನಿ ದಾನದ ವಿಚಾರ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ತಾವಿರುವ ಜಾಗ ಮತ್ತು ಅದರ ಆಸುಪಾಸಿಗೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಮೈಸೂರಿನ ಹೆಬ್ಬಾಳು, ಹೂಟಗಳ್ಳಿ, ನಂಜನಗೂಡಿನ ಕಾರ್ಖಾನೆಗಳಿಗೆ ನಮ್ಮ ಹಳ್ಳಿ ಶಾಲೆಗಳು ಹತ್ತಿರದ ಆಸುಪಾಸು. ಹೀಗಾಗಿ ಹೆದ್ದಾರಿ ಪಕ್ಕದ ಶಾಲೆಗಳ ಗೋಡೆಗೆ ಬಣ್ಣ ಬರುತ್ತದೆ, ಸ್ಮಾರ್ಟ್ ಟಿವಿ ಬರುತ್ತದೆ, ಬ್ಯಾಗು ಬರುತ್ತದೆ, ಕಿಟ್ಟು ಬರುತ್ತದೆ. ಹೆದ್ದಾರಿಯಿಂದ ನಾಲ್ಕು ಮೈಲಿ ಒಳಗಿನ ಶಾಲೆಗೆ ಬರುವುದು ಕಡಿಮೆ, ಯಾಕೆಂದರೆ ಉದ್ಘಾಟನೆಗೆ ಬರುವವರು ಮಧ್ಯಾಹ್ನದ ಊಟಕ್ಕೆ ಮೈಸೂರಿಗೆ ವಾಪಸು ಹೋಗಬೇಕು.

ಅದೇ ಕಾಯ್ದೆಯ ನಿಯಮದಲ್ಲಿ ಇನ್ನೊಂದು ಸಂಗತಿಯಿದೆ. ಬಹುವರ್ಷದ ಯೋಜನೆ ಎಂದು ಹೇಳಿಕೊಂಡರೂ, ಶುರುವಾದ ವರ್ಷ ಬಿಟ್ಟು ಮೂರು ವರ್ಷಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ಒಂದನೇ ತರಗತಿಗೆ ಸೇರಿದ ಮಗು ಐದನೇ ತರಗತಿ ದಾಟುವಷ್ಟರಲ್ಲಿ ಯೋಜನೆ ಮುಗಿದು, ಬೋರ್ಡು ಮಾತ್ರ ಉಳಿದಿರುತ್ತದೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೋಟೆ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯನ್ನು ದಶಕಗಳಿಂದ ನಡೆಸುತ್ತಾ ಬಂದಿದೆ. ಅವರ ಎಲ್ಲ ವಿಚಾರವನ್ನೂ ಒಪ್ಪಬೇಕಿಲ್ಲ. ಆದರೆ ಶಾಲೆಯ ಕೆಲಸಕ್ಕೆ ಎಷ್ಟು ಕಾಲ ಬೇಕು ಎಂಬುದಕ್ಕೆ ಅಲ್ಲೊಂದು ಅಳತೆ ಸಿಗುತ್ತದೆ.

ಸಂಶೋಧನೆಗಾಗಿ ಈ ಭಾಗದ ಶಾಲೆಗಳಲ್ಲಿ ಕೂತು ನೋಡುತ್ತಿರುವ ನನಗೆ ಹೆಚ್ಚು ಕಂಡಿದ್ದು ಬೀಗ ಹಾಕಿದ ಬೀರು. ಮೊದಮೊದಲು ಇದನ್ನು ಶಿಕ್ಷಕರ ಸೋಮಾರಿತನ ಎಂದು ವಿವರಿಸುವವರು ಬಹಳ ಮಂದಿ ಸಿಕ್ಕರು. ಆದರೆ ಒಬ್ಬ ಹಿರಿಯ ಮಿಸ್ಸು ಕಾರಣವನ್ನು ಬಿಡಿಸಿ ಹೇಳಿದರು. “ನೋಡಮ್ಮಾ, ಈ ಗಣಿತದ ಪೆಟ್ಟಿಗೇಲಿ ಇರೋದೆಲ್ಲ ದಾಸ್ತಾನು ವಹೀಲಿ ಹತ್ತಿದೆ. ನಾಳೆ ನಂಗೆ ವರ್ಗ ಆದ್ರೆ ಚಾರ್ಜು ಕೊಡೋವಾಗ ಒಂದೊಂದೂ ಎಣಿಸಿ ಕೊಡ್ಬೇಕು. ಮಕ್ಕಳ ಕೈಗೆ ಕೊಟ್ರೆ ಮುರೀತವೆ, ಕಳೀತವೆ. ಮಗೂಗೆ ಗುಣಾಕಾರ ಬರದಿದ್ರೆ ನನ್ನ ಯಾರೂ ಕೇಳಲ್ಲ. ಒಂದು ಗಡಿಯಾರ ಕಮ್ಮಿ ಆದ್ರೆ ಕೇಳ್ತಾರೆ.”

ಈ ಮಾತಿನಲ್ಲಿ ಇಡೀ ವ್ಯವಸ್ಥೆಯ ಲೆಕ್ಕಾಚಾರವಿದೆ. ಕೊಟ್ಟವರು ಸಾಮಾನಿನ ಫೋಟೊ ಕೇಳುತ್ತಾರೆ, ಇಲಾಖೆ ಸಾಮಾನಿನ ಎಣಿಕೆ ಕೇಳುತ್ತದೆ. ಆದ್ದರಿಂದ ಶಿಕ್ಷಕಿ ಸಾಮಾನನ್ನು ಕಾಪಾಡುತ್ತಾಳೆ. ಆಕೆ ಮಾಡುತ್ತಿರುವುದು ಪೂರ್ತಿ ವಿವೇಕದ ಕೆಲಸ. ವಿವೇಕ ಇಲ್ಲದಿರುವುದು ಆಟದ ಗಡಿಯಾರವನ್ನು ಕುರ್ಚಿ ಮೇಜಿನ ಸಾಲಿನಲ್ಲಿ ಬರೆಸುವ ನಿಯಮಕ್ಕೆ. ಮುರಿಯದ ಕಲಿಕಾ ಸಾಮಗ್ರಿ ಅಂದರೆ ಯಾರೂ ಮುಟ್ಟದ ಸಾಮಗ್ರಿ.

ಸರ್ಕಾರದ ಅನುದಾನದ್ದು ಇನ್ನೊಂದು ಕತೆ. 1994ರಲ್ಲಿ ಶುರುವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ವಿಶ್ವಬ್ಯಾಂಕಿನಂಥ ಹೊರಗಿನವರ ಹಣದಿಂದ ನಡೆದದ್ದು. ಆ ಹಣದ ಜೊತೆ ಬಂದ ಷರತ್ತುಗಳ ಬಗ್ಗೆ ಪದ್ಮಾ ಸಾರಂಗಪಾಣಿ ಮತ್ತು ಎ. ಆರ್. ವಾಸವಿ 2003ರಲ್ಲೇ ಬರೆದಿದ್ದಾರೆ. ಆದರೂ ಆ ಕಾಲದಲ್ಲಿ, ಆಮೇಲೆ 2001ರ ಸರ್ವ ಶಿಕ್ಷಣ ಅಭಿಯಾನದಲ್ಲಿ, ಒಂದು ಒಳ್ಳೆಯ ಅಂಶವಿತ್ತು. ಪ್ರತಿಯೊಬ್ಬ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ, ತಮ್ಮ ತರಗತಿಗೆ ಬೇಕಾದದ್ದನ್ನು ತಾವೇ ಮಾಡಿಕೊಳ್ಳಲು. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 50 ರೂಪಾಯಿ. ಬಹಳ ಸಣ್ಣ ಮೊತ್ತ, ಅದರಲ್ಲಿ ಸುಳ್ಳು ಬಿಲ್ಲುಗಳೂ ಇದ್ದವು. ಆದರೆ ಇಡೀ ಶಿಕ್ಷಣ ಬಜೆಟ್ಟಿನಲ್ಲಿ ಪಾಠ ಮಾಡುವ ವ್ಯಕ್ತಿ ತನ್ನ ತೀರ್ಮಾನದ ಮೇಲೆ ಖರ್ಚು ಮಾಡಬಹುದಾಗಿದ್ದ ಹಣ ಅದೊಂದೇ.

ಅದು ಈಗ ಇಲ್ಲ. 2018ರ ಸಮಗ್ರ ಶಿಕ್ಷಣದಲ್ಲಿ ಶಾಲೆಗೆ ಒಟ್ಟಾರೆ ಅನುದಾನ ಬರುತ್ತದೆ. 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡಾ 10 ಸ್ವಚ್ಛತೆಗೆ ಮೀಸಲು. ಅರವತ್ತು ಮಕ್ಕಳ ಶಾಲೆಯಲ್ಲಿ ಉಳಿದ 22,500ನ್ನು ಭಾಗಿಸಿದರೆ ಒಂದು ಮಗುವಿಗೆ ವರ್ಷಕ್ಕೆ 375 ರೂಪಾಯಿ. ಕಾಯ್ದೆ ಹೇಳುವ ಕನಿಷ್ಠ 200 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ ಎರಡು ರೂಪಾಯಿಗೂ ಕಡಿಮೆ. ಸೀಮೆಸುಣ್ಣ, ರಿಜಿಸ್ಟರು, ಝೆರಾಕ್ಸು, ಒಡೆದ ನಲ್ಲಿ, ಹಾರಿಹೋದ ಹೆಂಚು ಎಲ್ಲವೂ ಇದರಲ್ಲೇ. ಕಲಿಕೆಯ ಪಾಲು ಕೊನೆಗೆ ಬರುತ್ತದೆ, ಅಷ್ಟರಲ್ಲಿ ಹಣ ಮುಗಿದಿರುತ್ತದೆ. ಅಕೌಂಟಬಿಲಿಟಿ ಇನಿಶಿಯೇಟಿವ್ ನಡೆಸಿದ ‘ಪೈಸಾ’ ಸಮೀಕ್ಷೆಗಳು ಇನ್ನೊಂದು ಕಾಯಿಲೆಯನ್ನು ದಾಖಲಿಸಿವೆ: ಶಾಲೆಯ ಅನುದಾನ ಖಾತೆಗೆ ಬೀಳುವುದು ಎಷ್ಟೋ ಸಲ ವರ್ಷದ ಕೊನೆಯ ತಿಂಗಳುಗಳಲ್ಲಿ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡಬೇಕು. ಜೂನ್‌ನಲ್ಲಿ ಬೇಕಾಗಿದ್ದನ್ನು ಮಾರ್ಚ್‌ನಲ್ಲಿ ಕೊಂಡರೆ ಅದು ಬೀರುವಿಗೇ ಹೋಗಬೇಕಲ್ಲವೆ?

ಇನ್ನು ತರಬೇತಿ. ರಾಜ್ಯದಲ್ಲಿ ಒಂದು ತಂಡಕ್ಕೆ ತರಬೇತಿ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿಗಳಿಗೆ, ಅವರು ನಮ್ಮ ಹೋಬಳಿಯ ಶಿಕ್ಷಕರಿಗೆ. ಬೆಂಗಳೂರಿನಲ್ಲಿ ಮೊಸರಾಗಿದ್ದದ್ದು ಬಿಳಿಕೆರೆ ತಲುಪುವ ಹೊತ್ತಿಗೆ ನೀರು ಮಜ್ಜಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿ ತರಬೇತಿ ಬೇಕು ಎಂದಿತು. ಗಂಟೆ ಎಣಿಸುವುದು ಸುಲಭವಾದ್ದರಿಂದ ಎಣಿಕೆ ಜೋರಾಗಿದೆ. ಮೊಬೈಲಿನಲ್ಲಿ ವಿಡಿಯೊ ಓಡುತ್ತಿರುತ್ತದೆ, ಮಿಸ್ಸು ಮೊಟ್ಟೆಯ ಲೆಕ್ಕ ಬರೆಯುತ್ತಿರುತ್ತಾರೆ, ಕೊನೆಗೆ ಪ್ರಮಾಣಪತ್ರ ಬರುತ್ತದೆ.

ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿ, ಅರವತ್ತು ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕವೇ ಅದು. ಒಬ್ಬರು ಐದು ದಿನ ತರಬೇತಿಗೆ ಹೋದರೆ ಇನ್ನೊಬ್ಬರು ಐದೂ ತರಗತಿ, ಬಿಸಿಯೂಟ, ಆನ್‌ಲೈನ್ ಮಾಹಿತಿ ಎಲ್ಲವನ್ನೂ ನೋಡಬೇಕು. ಶಿಕ್ಷಕರನ್ನು ಒಳ್ಳೆಯ ಶಿಕ್ಷಕರನ್ನಾಗಿ ಮಾಡಲು ಹೊರಟ ವಾರದಲ್ಲಿ ಮಕ್ಕಳಿಗೆ ಶಿಕ್ಷಕರೇ ಇರುವುದಿಲ್ಲ. ಆ ಐದು ದಿನಕ್ಕೆ ಬದಲಿ ವ್ಯಕ್ತಿಯೊಬ್ಬರ ಸಂಬಳ ಕೊಡುತ್ತೇವೆ ಎಂದ ಒಬ್ಬ ದಾನಿಯನ್ನೂ ನಾನು ಕಂಡಿಲ್ಲ. ಬದಲಿ ಶಿಕ್ಷಕರ ಬೆನ್ನ ಮೇಲೆ ಕಂಪನಿಯ ಹೆಸರು ಬರೆಸಲು ಬರುವುದಿಲ್ಲವಲ್ಲ!

ನಲಿ–ಕಲಿಗೂ ಕೊನೆಗೆ ಇದೇ ಗತಿಯಾಯಿತು. 2009ರಿಂದ ಅದನ್ನು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿದರು. ಕಾರ್ಡು, ಏಣಿ, ತಟ್ಟೆ, ಕಲಿಕಾ ಚಪ್ಪರ ಎಲ್ಲವೂ ಹಳ್ಳಿ ಹಳ್ಳಿಗೆ ಹೋದವು. ಕೋಟೆಯ ಶಿಕ್ಷಕರು ಕೂತು ವಾದ ಮಾಡಿ ಬರೆದ ಆ ಕೂತುಕೊಳ್ಳುವಿಕೆ ಮಾತ್ರ ಹೋಗಲಿಲ್ಲ. ಒಬ್ಬರ ಪ್ರಶ್ನೆಗೆ ಸಿಕ್ಕ ಉತ್ತರ ಇನ್ನೊಬ್ಬರಿಗೆ ಆದೇಶವಾಗಿ ತಲುಪಿತು. ತಮ್ಮೂರಿನ ಮಕ್ಕಳಿಗೆ ಹೊಂದುವ ಕಾರ್ಡನ್ನು ತಾವೇ ಬರೆಯಬಹುದು ಎಂದು ಹೊಸ ಶಿಕ್ಷಕರಿಗೆ ಯಾರೂ ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಬಹುದು ಎಂಬ ಬೋಧನಾ ಕ್ರಮ, ಮೂರು ತರಗತಿಗೆ ಒಬ್ಬರೇ ಶಿಕ್ಷಕರು ಸಾಕು ಎಂಬ ಆಡಳಿತದ ಅನುಕೂಲವಾಗಿ ಬದಲಾಯಿತು.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ‘ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಬಂತಲ್ಲ.’ ಗೋಡೆಗೆ ಬಣ್ಣ, ಹೆಣ್ಣುಮಕ್ಕಳಿಗೆ ಶೌಚಾಲಯ, ಕುಡಿಯುವ ನೀರು ಇವಕ್ಕೆ ಈ ಮಾತು ಸಲ್ಲುತ್ತದೆ. ಇವುಗಳ ಬಗ್ಗೆ ನನ್ನ ಜಗಳವಿಲ್ಲ. ಆದರೆ ಪ್ರತಿ ಸಾಮಾನಿನ ಹಿಂದೆಯೂ ಒಂದು ನಿರಂತರ ಖರ್ಚಿರುತ್ತದೆ, ಅದನ್ನು ಹೊರುವವರು ಶಾಲೆಯವರು. 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತು, ನೀರು ಘೋಷಿಸಿದರು. ಕಂಪ್ಯೂಟರ್ ಕೊಟ್ಟು ಕರೆಂಟ್ ಬಿಲ್ಲನ್ನು ಹೆಡ್‌ಮಾಸ್ಟರ ತಲೆಗೆ ಕಟ್ಟಿದ್ದ ಎಷ್ಟೋ ದಾನಗಳಿಗಿಂತ ಆ ಒಂದು ತೀರ್ಮಾನ ದೊಡ್ಡದು. ಅದಕ್ಕೆ ರಿಬ್ಬನ್ ಕತ್ತರಿಸುವಂತಿರಲಿಲ್ಲ, ಅಷ್ಟೆ.

ಎರಡನೆಯದು ಗಟ್ಟಿಯಾದ ಆಕ್ಷೇಪ. ಶಾಲೆಗೆ ಹಣ ಕೊಟ್ಟ ಮಾತ್ರಕ್ಕೆ ಕಲಿಕೆ ಏರುವುದಿಲ್ಲ ಎನ್ನಲು ಪುರಾವೆ ಇದೆ. ಪಕ್ಕದ ಆಂಧ್ರದಲ್ಲಿ ಲಾಟರಿ ಎತ್ತಿ ಆಯ್ದ ಸರ್ಕಾರಿ ಶಾಲೆಗಳಿಗೆ ಎರಡು ವರ್ಷ ಅನುದಾನ ಕೊಟ್ಟು ನೋಡಿದರು. ಜಿಷ್ಣು ದಾಸ್, ಕಾರ್ತಿಕ್ ಮುರಳೀಧರನ್ ಮತ್ತಿತರರ ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಮಕ್ಕಳ ಅಂಕ ಏರಿತು, ಎರಡನೇ ವರ್ಷ ಏರಲಿಲ್ಲ. ಕಾರಣ, ಶಾಲೆಯೇ ನೋಟ್‌ಬುಕ್ಕು ಪೆನ್ಸಿಲ್ಲು ಕೊಡುತ್ತದೆ ಎಂದು ಮೊದಲೇ ಗೊತ್ತಾದಾಗ ತಂದೆ ತಾಯಿ ತಮ್ಮ ಖರ್ಚನ್ನು ಅಷ್ಟಕ್ಕಷ್ಟು ಇಳಿಸಿದರು. ಬಡವರ ಜೇಬಿನಲ್ಲಿ ನಾಲ್ಕು ಕಾಸು ಉಳಿದರೆ ಅದೂ ಒಳ್ಳೆಯದೇ. ಕೀನ್ಯಾದಲ್ಲಿ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ನೋಡಿದ ಅಧ್ಯಯನದಲ್ಲೂ ಉಪಯೋಗವಾಗಿದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಪುಸ್ತಕವಿದ್ದದ್ದು ಇಂಗ್ಲಿಷಿನಲ್ಲಿ, ಹೆಚ್ಚಿನ ಮಕ್ಕಳಿಗೆ ಅದು ಮೂರನೇ ಭಾಷೆ.

ಈ ಪುರಾವೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದನ್ನು ಸರಿಯಾಗಿ ಓದಿ ಎನ್ನುತ್ತೇನೆ. ತಂದೆ ತಾಯಿ ಕೊಳ್ಳಬಹುದಾದದ್ದನ್ನು ಅನುದಾನ ಕೊಂಡರೆ ಲಾಭ ಮನೆಗೆ ಹೋಗುತ್ತದೆ, ಕಲಿಕೆ ಇದ್ದಲ್ಲೇ ಇರುತ್ತದೆ. ಹಾಗಾದರೆ ಯಾವ ತಂದೆ ತಾಯಿಯೂ ಕೊಳ್ಳಲಾಗದ್ದನ್ನು ಅನುದಾನ ಕೊಳ್ಳಬೇಕು. ಹೊಗೆಸೊಪ್ಪು ಬೆಳೆಯುವ ರೈತ ಮಗಳಿಗೆ ಪೆನ್ಸಿಲ್ ತಂದುಕೊಡಬಲ್ಲ. ಓದಲು ಎಡವುತ್ತಿರುವ ಆಕೆಯ ಪಕ್ಕ ಅರ್ಧ ಗಂಟೆ ಕೂರಲು ಶಿಕ್ಷಕಿಗೆ ಬೇಕಾದ ಪುರುಸೊತ್ತನ್ನು ಅವನು ಯಾವ ಅಂಗಡಿಯಿಂದ ತರಬೇಕು?

ಮೂರನೆಯದು ಜಗುಲಿ ಮಾತು: ‘ಮೇಷ್ಟ್ರುಗಳಿಗೆ ಹಣವನ್ನೂ ಬಿಡುವನ್ನೂ ಕೊಟ್ಟರೆ ಬಡ್ಡಿ ವ್ಯವಹಾರ ಮಾಡಿಕೊಂಡು ಕೂರುತ್ತಾರೆ.’ ಅಂಥವರಿದ್ದಾರೆ. ಆದರೆ ಅಂಥವರನ್ನು ಈಗಿನ ಕಿಟ್ಟು, ಆ್ಯಪು, ಎಣಿಕೆ ಯಾವುದೂ ಹಿಡಿದಿಲ್ಲ. ಅವು ಹಿಡಿದು ಹಣ್ಣು ಮಾಡಿರುವುದು ಕೆಲಸ ಮಾಡುವವರನ್ನು. 1995ರಲ್ಲಿ ಕೋಟೆಗೆ ವಿಶೇಷ ಶಿಕ್ಷಕರು ಆಕಾಶದಿಂದ ಇಳಿದಿರಲಿಲ್ಲ. ಇದೇ ಇಲಾಖೆಯ, ಇದೇ ಸಂಬಳದ ಮೇಷ್ಟ್ರುಗಳೇ ಅವರು.

ಹಾಗಾದರೆ ಏನು ಮಾಡಬೇಕು? ನಾನು ಕೇಳುತ್ತಿರುವುದು ನಾಲ್ಕು ಸಂಗತಿ. ಮಕ್ಕಳು ಕೈಯಲ್ಲಿ ಹಿಡಿಯುವ ಕಲಿಕಾ ಸಾಮಗ್ರಿಯನ್ನು ದಾಸ್ತಾನು ವಹಿಯ ಸ್ಥಿರ ವಸ್ತುಗಳ ಪಟ್ಟಿಯಿಂದ ತೆಗೆದು, ಸೀಮೆಸುಣ್ಣದ ಹಾಗೆ ಸವೆಯುವ ಸಾಮಾನು ಎಂದು ಬರೆಸಿ. ಇದಕ್ಕೆ ಒಂದು ಸುತ್ತೋಲೆ ಸಾಕು, ಒಂದು ಪೈಸೆ ಬೇಕಿಲ್ಲ. ಶಿಕ್ಷಕರ ವೈಯಕ್ತಿಕ ಅನುದಾನವನ್ನು ಇವತ್ತಿನ ಬೆಲೆಗೆ ಸರಿಹೊಂದಿಸಿ ಜೂನ್ ತಿಂಗಳಲ್ಲೇ ಕೊಡಿ, ಅತಿಥಿ ಶಿಕ್ಷಕರಿಗೂ ಕೊಡಿ. ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆಯಿಂದ ಮಾಹಿತಿ ಸಂಗ್ರಹವನ್ನು ಹೊರಗೆ ಹಾಕಿ, ಆ ದಿನ ಶಿಕ್ಷಕರು ತಮ್ಮ ತರಗತಿಯ ಒಂದು ತೊಂದರೆ ಮಾತ್ರ ಚರ್ಚಿಸಲಿ. ಸಿಆರ್‌ಪಿ ಅಲ್ಲಿ ಅಂಕಿ ಅಂಶ ಕೇಳುವ ಗುಮಾಸ್ತರಾಗದೆ ಜೊತೆಗಾರರಾಗಲಿ. ನಾಲ್ಕನೆಯದಾಗಿ, ಕಂಪನಿ ಹಣದ ಒಂದು ಭಾಗ ತಾಲ್ಲೂಕು ಮಟ್ಟದಲ್ಲಿ ಬದಲಿ ಶಿಕ್ಷಕರ ನಿಧಿಯಾಗಲಿ. ತರಬೇತಿಗೆ ಹೋದವರ ಜಾಗದಲ್ಲಿ ಆ ದಿನ ಬೆಳಿಗ್ಗೆ ಒಬ್ಬರು ಹಾಜರಿರಬೇಕು.

ಇವೆಲ್ಲ ಸರ್ಕಾರದ ಕೆಲಸ, ದಾನಿಗಳನ್ನು ಯಾಕೆ ಬೈಯುತ್ತೀರಿ ಎನ್ನಬಹುದು. ನಿಜ, ಸರ್ಕಾರದ್ದೇ ಕೆಲಸ. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದಾಗಿನಿಂದ ಅದು ಸರ್ಕಾರದ್ದೇ. ಬಿಳಿಕೆರೆ ಇವತ್ತಿಗೂ ಹೋಬಳಿ. ಆದರೆ ದಾನ ಬಂದಾಗಲೆಲ್ಲ ಸರ್ಕಾರಕ್ಕೆ ಒಂದು ಉಸಿರು ಸಡಿಲ ಸಿಗುತ್ತದೆ. ಟಿವಿ ಬಂದ ಶಾಲೆಯನ್ನು ಸುಧಾರಿಸಿದ ಶಾಲೆಗಳ ಪಟ್ಟಿಗೆ ಸೇರಿಸಿ, ಅಲ್ಲಿ ಖಾಲಿ ಬಿದ್ದ ಹುದ್ದೆಯನ್ನು ಮರೆಯುವುದು ಸುಲಭ. ಹೀಗೆ ಮರೆಯಲು ಅನುಕೂಲ ಮಾಡಿಕೊಡುವ ದಾನವನ್ನು ಪ್ರಶ್ನಿಸದೆ ಇರಲಾಗುವುದಿಲ್ಲ.

ಪ್ರಶ್ನಿಸುವ ಅಧಿಕಾರ ಇರುವವರು ಊರಲ್ಲೇ ಇದ್ದಾರೆ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ, ಅದರಲ್ಲಿ ಮಕ್ಕಳ ತಂದೆ ತಾಯಿ ಇದ್ದಾರೆ. ಮುಂದಿನ ಸಲ ಕಂಪನಿಯ ಗಾಡಿ ಶಾಲೆಯ ಮುಂದೆ ನಿಂತಾಗ ಶಾಲು ಹಾರ ಹಿಡಿದು ನಿಲ್ಲುವ ಮೊದಲು ಸಮಿತಿಯವರು ಮೂರು ಮಾತು ಕೇಳಲಿ. ಇದು ಬೇಕೆಂದು ನಮ್ಮ ಮಿಸ್ಸನ್ನು ಯಾರಾದರೂ ಕೇಳಿದ್ದಿರಾ? ಕೆಟ್ಟರೆ ರಿಪೇರಿ ಯಾರದು? ಇದನ್ನು ಬಳಸಲು ಅವರಿಗೆ ಯಾವ ಹೊತ್ತು ಬಿಡುವು ಮಾಡಿಕೊಡುತ್ತೀರಿ? ಉತ್ತರ ಬಂದರೆ ಸಂತೋಷವಾಗಿ ಇಳಿಸಿಕೊಳ್ಳೋಣ. ಬರದಿದ್ದರೆ ಕಾಫಿ ಕೊಟ್ಟು, ಗಾಡಿಯನ್ನು ಹಾಗೆಯೇ ಮೈಸೂರಿಗೆ ತಿರುಗಿಸಿ ಕಳಿಸುವುದರಲ್ಲಿ ಅವಮಾನವೇನೂ ಇಲ್ಲ.